ವಯಸ್ಸು, ಕ್ಯಾನ್ಸರ್, ಲಸಿಕೆ: ಎಷ್ಟು ಹಿಡಿಯುತ್ತದೆ?

ಮಾಟುಂಗದಲ್ಲಿ ಹಿರಿಯ ಕನ್ನಡಿಗರ ಕೂಟವೊಂದರಲ್ಲಿ ಏಪ್ರಿಲ್ ಕೊನೆಯ ಭಾನುವಾರ ಆಡಿದ ಮಾತಿನ ಬರಹ ರೂಪ ಇದು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಒಬ್ಬ ಹಿರಿಯರು ನನ್ನನ್ನು ಬಾಗಿಲಲ್ಲಿ ಹಿಡಿದರು. "ಡಾಕ್ಟ್ರೇ, ಸುಮ್ನೆ ಒಂದು ಮಾತಲ್ಲಿ ಹೇಳಿಬಿಡಿ. ಕಿಮೋ ತಗೊಳ್ಳೋರಿಗೆ ಈ ಫ್ಲೂ ಇಂಜೆಕ್ಷನ್ ಹಿಡಿಯುತ್ತೋ ಇಲ್ವೋ? ಹಿಡಿಯಲ್ಲ ಅಂದ್ರೆ ನಾನು ಕಾಫಿ ಕುಡಿದು ಮನೆಗೆ ಹೋಗ್ತೀನಿ." ಒಂದು ಮಾತಿನಲ್ಲಿ ಹೇಳುವುದಾದರೆ, ಅರೆಬರೆ ಹಿಡಿಯುತ್ತದೆ, ಆದರೂ ಹಾಕಿಸಿ. ಅವರು ಇನ್ನೂ ಎದ್ದಿಲ್ಲ, ಸಂತೋಷ. ಇವತ್ತಿನ ಮಾತೆಲ್ಲ ಆ "ಆದರೂ" ಬಗ್ಗೆ.

ಮೊದಲು ಸ್ವಲ್ಪ ಹಳೆಯ ಕಥೆ. ಇಲ್ಲಿಂದ ಲೋಕಲ್ ಹತ್ತಿದರೆ ದಾದರ್ ಆದ ಮೇಲೆ ಪರೇಲ್, ಎರಡೇ ಸ್ಟೇಷನ್. ಅಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ, 1941ರಲ್ಲಿ ಶುರುವಾದದ್ದು. ನಮ್ಮ ಕಲಬುರಗಿ, ಬೆಳಗಾವಿ ಕಡೆಯಿಂದಲೂ ಜನ ಫೈಲು ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಫ್‌ಕಿನ್ ಸಂಸ್ಥೆ. ಕ್ಯಾನ್ಸರ್ ಮತ್ತು ಲಸಿಕೆ, ಎರಡಕ್ಕೂ ಒಂದೇ ಪೇಟೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಪುಟ್ಟ ಕೋಣೆಯಲ್ಲಿ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆದರೆ ಒಬ್ಬ ಮನುಷ್ಯ ಬದುಕಿ ಉಳಿದರೆ ಲಸಿಕೆ ಕೆಲಸ ಮಾಡುತ್ತದೆ ಅಂತ ಆಗುವುದಿಲ್ಲ. ಅದೇ ತಿಂಗಳ ಕೊನೆಗೆ ಅವರು ಭಾಯಖಳಾ ಜೈಲಿಗೆ ಹೋದರು. ಒಪ್ಪಿದ ಕೈದಿಗಳಿಗೆ ಚುಚ್ಚಿದರು, ಉಳಿದವರಿಗೆ ಇಲ್ಲ. ಕೈದಿಯ ಒಪ್ಪಿಗೆ ಎಷ್ಟು ಒಪ್ಪಿಗೆ ಅನ್ನುವುದು ಬೇರೆ ಮಾತು. ಅದೇ ಗೋಡೆ, ಅದೇ ಊಟ, ಅದೇ ಇಲಿ. ಆಮೇಲೆ ಎರಡು ಗುಂಪನ್ನೂ ಎಣಿಸಿದರು. ಲಸಿಕೆಯ ಲೆಕ್ಕ ಇವತ್ತಿಗೂ ಮೂಲದಲ್ಲಿ ಇಷ್ಟೇ. ಹಾಕಿಸಿಕೊಂಡವರಲ್ಲಿ ಎಷ್ಟು ಜನ ಕಾಯಿಲೆ ಬಿದ್ದು ಮಲಗಿದರು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನ.

ಈಗ ಶೇಕಡಾ 50 ಅಂದರೆ ಏನು ಅಂತ ನೋಡೋಣ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ನೂರು ಜನ ಹಾಕಿಸಿಕೊಂಡರೆ ಐವತ್ತು ಜನರಿಗೆ ಪೂರ್ತಿ ರಕ್ಷೆ, ಐವತ್ತು ಜನರಿಗೆ ನೀರು ಚುಚ್ಚಿದ ಹಾಗೆ ಅಂತಲ್ಲ. ಲಸಿಕೆ ಇಲ್ಲದೆ ನೂರರಲ್ಲಿ ಹತ್ತು ಜನ ಮಲಗುವ ಕಡೆ ಐದು ಜನ ಮಲಗುತ್ತಾರೆ ಅಂತ ಅರ್ಥ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಹಾಕಿಸಿಕೊಂಡವರೇ ಜಾಸ್ತಿ ಮಲಗಿದ್ದು. ಹಾಕಿಸದವರು ಗಟ್ಟಿಮುಟ್ಟಾಗಿ ತಿರುಗ್ತಾ ಇದ್ರು."

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ, ಅಂಕಿ ನನ್ನ ಕಲ್ಪನೆಯದು. ನಿಮ್ಮ ಬಿಲ್ಡಿಂಗಿನಲ್ಲಿ ನೂರು ಹಿರಿಯರು. 90 ಜನ ಹಾಕಿಸಿಕೊಂಡರು, 10 ಜನ ಇಲ್ಲ. ಹಾಕಿಸದ 10ರಲ್ಲಿ 4 ಜನ ಮಲಗಿದರು. ಲಸಿಕೆ ಅರ್ಧ ಹಿಡಿಯುತ್ತದೆ ಅಂದುಕೊಳ್ಳಿ. ಆಗ 90ರಲ್ಲಿ 18 ಜನ ಮಲಗುತ್ತಾರೆ. ಲಿಫ್ಟಿನಲ್ಲಿ ಸಿಕ್ಕವರು ಏನನ್ನುತ್ತಾರೆ? "ಹಾಕಿಸಿಕೊಂಡವರು 18, ಹಾಕಿಸದವರು ಬರೀ 4." ಆದರೆ ಆ 90 ಜನವೂ ಹಾಕಿಸದೆ ಇದ್ದಿದ್ದರೆ 36 ಜನ ಮಲಗುತ್ತಿದ್ದರು. ಮಲಗದ 18 ಜನ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ತಾವೇ ಬಚಾವಾದೆವು ಅಂತ ತಿಳಿಯದೆ ಗಾರ್ಡನ್ನಿನಲ್ಲಿ ವಾಕಿಂಗ್ ಮಾಡುತ್ತಿರುತ್ತಾರೆ.

ಇನ್ನು ವಯಸ್ಸು. ಎದೆಗೂಡಿನೊಳಗೆ, ಹೃದಯದ ಮೇಲೆ, ಥೈಮಸ್ ಅಂತ ಒಂದು ಗ್ರಂಥಿ ಇದೆ. ಟಿ ಕಣಗಳೆಂಬ ಕಾವಲುಗಾರರಿಗೆ ತರಬೇತಿ ಕೊಡುವ ಶಾಲೆ ಅದು. ಚಿಕ್ಕ ವಯಸ್ಸಿನಲ್ಲಿ ತುಂಬಿರುತ್ತದೆ, ಹರೆಯ ದಾಟಿದ ಮೇಲೆ ಕುಗ್ಗುತ್ತಾ ಹೋಗುತ್ತದೆ, 70ಕ್ಕೆ ಹೆಚ್ಚುಕಡಿಮೆ ಕೊಬ್ಬಾಗಿರುತ್ತದೆ. ಹಳೆಯ ಕಾವಲುಗಾರರಿಗೆ ಹಳೆಯ ಕಳ್ಳರ ಗುರುತು ಚೆನ್ನಾಗಿರುತ್ತದೆ. ಹೊಸ ಕಳ್ಳನ ಫೋಟೋ ತೋರಿಸಿದರೆ ಮಾತ್ರ ಕಲಿಯುವುದು ನಿಧಾನ. ಲಸಿಕೆ ಅಂದರೆ ಫೋಟೋ ತೋರಿಸುವುದು ತಾನೇ.

ಇದಕ್ಕೊಂದು ದಾರಿ ಫೋಟೋವನ್ನೇ ದೊಡ್ಡದು ಮಾಡುವುದು. ಸಾಮಾನ್ಯ ಫ್ಲೂ ಲಸಿಕೆಯಲ್ಲಿ ವೈರಸ್ಸಿನ ಪ್ರತಿ ತಳಿಗೆ 15 ಮೈಕ್ರೋಗ್ರಾಂ ಪ್ರೋಟೀನು ಇದ್ದರೆ, ಹಿರಿಯರಿಗೆಂದೇ ಮಾಡಿದ ಹೆಚ್ಚಿನ ಡೋಸಿನದರಲ್ಲಿ 60. 65 ದಾಟಿದ ಸುಮಾರು 32 ಸಾವಿರ ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಸಾಮಾನ್ಯ ಡೋಸು ಪಡೆದವರಿಗಿಂತ ಇವರಲ್ಲಿ ಫ್ಲೂ ಶೇಕಡಾ 24ರಷ್ಟು ಕಡಿಮೆ. ಸಿಕ್ಕರೆ ಒಳ್ಳೆಯದು. ಸಿಗಲಿಲ್ಲ ಅಂತ ಕಾಯುತ್ತಾ ಕೂರಬೇಡಿ, ಸಾಮಾನ್ಯ ಡೋಸು ಹಾಕಿಸಿ.

ವಯಸ್ಸಿನ ಮೇಲೆ ಕ್ಯಾನ್ಸರ್ ಬಂತು ಅಂದುಕೊಳ್ಳಿ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಯಾಕೆಂದರೆ "ಕ್ಯಾನ್ಸರ್ ಇರುವವರಿಗೆ ಹಿಡಿಯುತ್ತಾ" ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಕ್ಯಾನ್ಸರ್? ಯಾವ ಔಷಧ? ಈಗ ನಡೀತಾ ಇದೆಯಾ, ಮುಗಿದು ವರ್ಷವಾಯಿತಾ?

ಹತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿ ಗುಣವಾದವರು ಲಸಿಕೆಯ ಮಟ್ಟಿಗೆ ಬೇರೆ ಹಿರಿಯರ ಹಾಗೆಯೇ. ಗಡ್ಡೆಯ ಕ್ಯಾನ್ಸರ್ ಇದ್ದು ಕಿಮೋ ನಡೆಯುತ್ತಿದ್ದರೂ ಬಹುತೇಕ ಜನರಲ್ಲಿ ಲಸಿಕೆಗೆ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯಲು ಮೈ ತಯಾರಿಸುವ ಆಂಟಿಬಾಡಿ, ಬರುತ್ತದೆ, ಸ್ವಲ್ಪ ಕಡಿಮೆ. ನಿಜವಾದ ಪೆಟ್ಟು ರಕ್ತದ ಕ್ಯಾನ್ಸರ್‌ನಲ್ಲಿ. ಯಾಕೆಂದರೆ ಅಲ್ಲಿ ಕೆಟ್ಟಿರುವುದು ಪ್ರತಿಕಾಯ ಮಾಡುವ ಕಾರ್ಖಾನೆಯೇ. ಹಿರಿಯರಲ್ಲಿ ಜಾಸ್ತಿ ಕಾಣುವ, ನಿಧಾನಕ್ಕೆ ಬೆಳೆಯುವ ಒಂದು ಲ್ಯುಕೇಮಿಯಾ ಇದೆ, ಸಿಎಲ್‌ಎಲ್ ಅನ್ನುತ್ತಾರೆ. 2021ರಲ್ಲಿ ಇಸ್ರೇಲಿನವರು ಇಂಥವರಿಗೆ ಎರಡು ಡೋಸು ಕೋವಿಡ್ ಲಸಿಕೆ ಕೊಟ್ಟು ನೋಡಿದರು. ನೂರರಲ್ಲಿ ಸುಮಾರು 40 ಜನರಲ್ಲಿ ಮಾತ್ರ ಪ್ರತಿಕಾಯ ಬಂತು. ಅದನ್ನೇ ಬಿಡಿಸಿ ನೋಡಿದಾಗ, ಚಿಕಿತ್ಸೆ ಮುಗಿದು ರೋಗ ಹಿಡಿತಕ್ಕೆ ಬಂದವರಲ್ಲಿ 79. ಚಿಕಿತ್ಸೆ ನಡೆಯುತ್ತಿದ್ದವರಲ್ಲಿ 16. ರೋಗದ ಹೆಸರು ಒಂದೇ, ಲಸಿಕೆ ಒಂದೇ. ಕೊಟ್ಟ ಹೊತ್ತು ಬೇರೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ದೊಡ್ಡಮ್ಮನಿಗೆ ಲಿಂಫೋಮಾ ಆಗಿತ್ತು, ಅದೂ ಒಂದು ಥರದ ರಕ್ತದ ಕ್ಯಾನ್ಸರ್. ರಿಟುಕ್ಸಿಮ್ಯಾಬ್ ಅನ್ನುವ ಔಷಧ ನಡೆಯುತ್ತಿತ್ತು. ಅದು ಬಿ ಕಣಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತದೆ. ಪ್ರತಿಕಾಯ ಹುಟ್ಟುವುದು ಅದೇ ಬಿ ಕಣಗಳ ಕಡೆಯಿಂದ. ನಡುವೆ ಒಂದು ದಿನ ಮನೆಗೆ ಬಂದಿದ್ದರು. ಫ್ರಿಜ್ಜಿನಲ್ಲಿ ಫ್ಲೂ ಲಸಿಕೆ ಇತ್ತು. ಚುಚ್ಚಿದೆ, "ಇನ್ನು ಹೆದರಬೇಡಿ ದೊಡ್ಡಮ್ಮ" ಅಂದೆ. ಅವರು ಧೈರ್ಯ ಮಾಡಿ ಕುಂದಾಪುರಕ್ಕೆ ಮದುವೆಗೆ ಹೋದರು. ಎರಡು ದಿನ ಛತ್ರ, ಒಂದು ರಾತ್ರಿ ರೈಲು. ವಾಪಸು ಬಂದದ್ದು ಜ್ವರ ಹೊತ್ತುಕೊಂಡು. ಒಂದು ವಾರ ಆಸ್ಪತ್ರೆಯಲ್ಲಿದ್ದರು. ಲಸಿಕೆ ಹಾಕಿದ್ದು ತಪ್ಪಲ್ಲ. ಔಷಧ ಶುರುವಾಗುವ ಮುಂಚೆ ಹಾಕದೇ ಇದ್ದದ್ದು ತಪ್ಪು. "ಹೆದರಬೇಡಿ" ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ಮನೆಗೆ ಬಂದ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ನೀನು ಚುಚ್ಚಿದ್ದು ಏನು, ಗ್ಲೂಕೋಸಾ?"

ಹಾಗಾಗಿ ಹೊತ್ತಿನ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಕಿಮೋ ಶುರುವಾಗಲು ಇನ್ನೂ ಎರಡು ವಾರ ಇದೆ ಅಂದರೆ ಅದೇ ಒಳ್ಳೆಯ ಸಮಯ. ಆಗಲೇ ಶುರುವಾಗಿದ್ದರೆ ಎರಡು ಸೈಕಲ್‌ಗಳ, ಅಂದರೆ ಕಿಮೋದ ಎರಡು ಸುತ್ತುಗಳ ನಡುವೆ, ಬಿಳಿ ರಕ್ತಕಣದ ಕೌಂಟ್ ತೀರಾ ಇಳಿದಿಲ್ಲದ ದಿನ. ರಿಟುಕ್ಸಿಮ್ಯಾಬ್ ಥರದ್ದು ಆಗಿದ್ದರೆ ಮುಗಿದ ಮೇಲೆ ಸುಮಾರು ಆರು ತಿಂಗಳು ಕಳೆದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಮಳೆಗಾಲ ಎದುರಿಗೇ ಇದ್ದರೆ ಆರು ತಿಂಗಳು ಕಾಯುವುದು ಜಾಣತನವಲ್ಲ. ಪ್ರತಿಕಾಯ ಬಾರದಿದ್ದರೂ ಟಿ ಕಣಗಳು ಸ್ವಲ್ಪ ಕಲಿಯುತ್ತವೆ. ಮೂಳೆಮಜ್ಜೆ ಕಸಿ ಆದವರದ್ದು ಬೇರೆಯೇ ದಾರಿ. ಅವರ ಹಳೆಯ ನೆನಪೆಲ್ಲ ಅಳಿಸಿಹೋಗಿರುತ್ತದೆ. ಮಕ್ಕಳ ಹಾಗೆ ಮೊದಲಿನಿಂದ ಒಂದೊಂದೇ ಲಸಿಕೆ ಹಾಕಿಸಬೇಕು. ಅದರ ಪಟ್ಟಿ ಅವರ ಆಸ್ಪತ್ರೆಯೇ ಕೊಡುತ್ತದೆ.

ಈಗ ಬಾಗಿಲಲ್ಲಿ ಸಿಕ್ಕ ಹಿರಿಯರಿಗೆ ಹೇಳಿದ "ಆದರೂ"ಗೆ ಬರುತ್ತೇನೆ. ಇದೂ ಕಲ್ಪನೆಯ ಲೆಕ್ಕವೇ. ಒಂದು ಕಡೆ ಸಾವಿರ ಗಟ್ಟಿಮುಟ್ಟಾದ ಹಿರಿಯರು. ಫ್ಲೂ ಕಾಲದಲ್ಲಿ ಅವರಲ್ಲಿ 4 ಜನ ಆಸ್ಪತ್ರೆ ಸೇರುತ್ತಾರೆ ಅನ್ನೋಣ. ಲಸಿಕೆ ಶೇಕಡಾ 50 ಹಿಡಿದರೆ 2 ಜನ ಉಳಿದರು. ಇನ್ನೊಂದು ಕಡೆ ಕಿಮೋ ನಡೆಯುತ್ತಿರುವ ಸಾವಿರ ಹಿರಿಯರು. ಇವರಲ್ಲಿ 20 ಜನ ಆಸ್ಪತ್ರೆ ಸೇರುತ್ತಾರೆ. ಲಸಿಕೆ ಪಾಪ 40ರಷ್ಟೇ ಹಿಡಿಯಿತು. ಎಷ್ಟು ಜನ ಉಳಿದರು? 8. ಕಡಿಮೆ ಹಿಡಿಯುವ ಲಸಿಕೆಯೇ ಜಾಸ್ತಿ ಜನರನ್ನು ಉಳಿಸಿತು. ಯಾಕೆ? ಅಪಾಯ ಜಾಸ್ತಿ ಇರುವ ಕಡೆ ಅರ್ಧ ರಕ್ಷೆಗೂ ಬೆಲೆ ಜಾಸ್ತಿ. ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತವರಿಗೆ ಇದು ಬೇಗ ಅರ್ಥವಾಗುತ್ತದೆ. ದಿನಕ್ಕೆ ಹತ್ತು ಪ್ಲೇಟ್ ಹೋಗುವ ತಿಂಡಿಯಲ್ಲಿ ಪ್ಲೇಟಿಗೆ ಐದು ರೂಪಾಯಿ ಉಳಿಯುವುದಕ್ಕಿಂತ, ಸಾವಿರ ಇಡ್ಲಿಯಲ್ಲಿ ಒಂದೊಂದು ರೂಪಾಯಿ ಉಳಿಯುವುದು ಮೇಲು ಅಲ್ವಾ.

ನಿಜವಾದ ಅಂಕಿಯೂ ಇದೆ. 2022ರಲ್ಲಿ ಬ್ರಿಟನ್ನಿನಿಂದ ಕೋವಿಡ್ ಲಸಿಕೆಯ ಬಗ್ಗೆ ಒಂದು ದೊಡ್ಡ ಅಧ್ಯಯನ ಬಂತು. ಕ್ಯಾನ್ಸರ್ ಇರುವ, ಅಥವಾ ಇದ್ದ, ಮೂರೂಮುಕ್ಕಾಲು ಲಕ್ಷ ಜನ. ಅಲ್ಲಿ ಕೊಟ್ಟ ಲಸಿಕೆಗಳಲ್ಲಿ ಒಂದು ಆಸ್ಟ್ರಾಜೆನೆಕಾದ್ದು. ಅದನ್ನೇ ಪುಣೆಯ ಹಡಪ್ಸರಿನ ಸೀರಂ ಇನ್‌ಸ್ಟಿಟ್ಯೂಟ್ ನಮಗೆಲ್ಲ ಕೋವಿಶೀಲ್ಡ್ ಅಂತ ಮಾಡಿಕೊಟ್ಟದ್ದು. ಎರಡು ಡೋಸಿನ ನಂತರ ಸೋಂಕಿನ ವಿರುದ್ಧ ರಕ್ಷೆ, ಕ್ಯಾನ್ಸರ್ ಇಲ್ಲದವರಲ್ಲಿ ಸುಮಾರು ಶೇಕಡಾ 70, ಇರುವವರಲ್ಲಿ 65. ವ್ಯತ್ಯಾಸ ಇಷ್ಟೇನಾ ಅನ್ನಿಸುತ್ತದೆ. ಆದರೆ ಮೂರರಿಂದ ಆರು ತಿಂಗಳು ಕಳೆಯುವಾಗ 61 ಮತ್ತು 47. ಅಂದರೆ ಕ್ಯಾನ್ಸರ್ ಇರುವವರಲ್ಲಿ ರಕ್ಷೆ ಬೇಗ ಸವೆಯುತ್ತದೆ. ಬೂಸ್ಟರ್ ಮೊದಲು ಇವರಿಗೇ ಕೊಡಿ ಅಂತ ಡಾಕ್ಟರುಗಳು ಹಟ ಹಿಡಿದದ್ದು ಇದಕ್ಕೇ. ಇನ್ನೊಂದು ಮಾತು. ಸೋಂಕಿನ ವಿರುದ್ಧ ಹೀಗೆ ಇಳಿದ ಲಸಿಕೆ, ಸಾವಿನ ವಿರುದ್ಧ 90ಕ್ಕಿಂತ ಮೇಲೇ ಇತ್ತು. ಹಾಗಾಗಿ ಯಾರಾದರೂ "ಇಷ್ಟು ಪರ್ಸೆಂಟ್" ಅಂದರೆ, ಯಾವುದರ ವಿರುದ್ಧ, ಎಷ್ಟು ತಿಂಗಳಿಗೆ ಅಂತ ಕೇಳಿ. ಜ್ವರದ ವಿರುದ್ಧವೋ, ಐಸಿಯು ವಿರುದ್ಧವೋ?

ಆದರೂ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬಾರದು. ನನಗೆ ಬಹಳ ಇಷ್ಟವಾದ ಒಂದು ಅಧ್ಯಯನ 2006ರಲ್ಲಿ ಅಮೆರಿಕದ ಸಿಯಾಟಲ್‌ನಿಂದ ಬಂದದ್ದು. ಹಿರಿಯರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡವರು ಕಡಿಮೆ ಸಾಯುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು. ಇವರು ಫ್ಲೂ ಕಾಲ ಶುರುವಾಗುವ ಮುಂಚಿನ ತಿಂಗಳುಗಳನ್ನೇ ತೆಗೆದು ನೋಡಿದರು. ಆಗಲೂ ಹಾಕಿಸಿಕೊಂಡವರು ಕಡಿಮೆ ಸಾಯುತ್ತಿದ್ದರು! ಅದೂ ಫ್ಲೂ ಕಾಲಕ್ಕಿಂತ ಆಗಲೇ ವ್ಯತ್ಯಾಸ ಜಾಸ್ತಿ. ಊರಿನಲ್ಲಿ ಫ್ಲೂ ಇಲ್ಲದಾಗ ಲಸಿಕೆ ಯಾರನ್ನು ಉಳಿಸೀತು? ವಿಷಯ ಏನೆಂದರೆ, ಹಾಸಿಗೆ ಹಿಡಿದವರು, ಕೊನೆಯ ದಿನ ಎಣಿಸುವವರು ಲಸಿಕೆಯ ಕ್ಯೂಗೆ ಬರುವುದೇ ಇಲ್ಲ. ಕ್ಯೂಗೆ ಬರುವವರು ಮೊದಲೇ ಸ್ವಲ್ಪ ಗಟ್ಟಿ. ಕ್ಯಾನ್ಸರ್ ರೋಗಿಗಳ ಲೆಕ್ಕದಲ್ಲಿ ಈ ಮೋಸ ಇನ್ನೂ ಜಾಸ್ತಿ. ಹಾಗಾಗಿ ಈಗಿನ ಅಧ್ಯಯನಗಳಲ್ಲಿ ಕೆಮ್ಮು ಜ್ವರ ಅಂತ ಟೆಸ್ಟಿಗೆ ಬಂದವರನ್ನೇ ಹಿಡಿದು, ಪಾಸಿಟಿವ್ ಬಂದವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿದ್ದರು, ನೆಗೆಟಿವ್ ಬಂದವರಲ್ಲಿ ಎಷ್ಟು ಜನ ಅಂತ ಹೋಲಿಸುವುದು ಹೆಚ್ಚು. ಅದರಲ್ಲೂ ತೂತುಗಳಿವೆ, ಆದರೆ ಚಿಕ್ಕವು.

ಇನ್ನು ಸರ್ಪ ಸುತ್ತು. ಮರಾಠಿಯವರು ನಾಗಿಣ ಅನ್ನುತ್ತಾರೆ. ಕೆಮ್ಮಣ್ಣು ಹಚ್ಚುವುದು, ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಅನ್ನುವುದು, ಇದೆಲ್ಲ ನಮ್ಮ ಮನೆಗಳಲ್ಲೂ ಇತ್ತು. ಅದು ಹಾವೂ ಅಲ್ಲ, ಶಾಪವೂ ಅಲ್ಲ. ಚಿಕ್ಕಂದಿನಲ್ಲಿ "ಅಮ್ಮ" ಬಂದಿತ್ತಲ್ಲ, ಚಿಕನ್ ಪಾಕ್ಸ್, ಅದೇ ವೈರಸ್ಸು ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದಾಗ, ಕಿಮೋ ಆದಾಗ, ಕಾವಲು ಸಡಿಲಾದಾಗ ಏಳುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿ. ಮೈಮೇಲೆ ಅಂಗಿ ತಾಗಿದರೂ ಅತ್ತವರನ್ನು ನೋಡಿದ್ದೇನೆ.

ಇದಕ್ಕೆ ಶಿಂಗ್ರಿಕ್ಸ್ ಅನ್ನುವ ಲಸಿಕೆ 2023ರಿಂದ ಇಲ್ಲೂ ಸಿಗುತ್ತದೆ. ಇದರಲ್ಲಿ ಜೀವಂತ ವೈರಸ್ ಇಲ್ಲ, ಒಂದು ಪ್ರೋಟೀನು ಮತ್ತು ಅದನ್ನು ಎತ್ತಿ ತೋರಿಸುವ ಒಂದು ಮಿಶ್ರಣ ಅಷ್ಟೇ. ವಯಸ್ಸಾದ ಮೈಯನ್ನು ಎಬ್ಬಿಸುವುದರಲ್ಲಿ ಇದರಷ್ಟು ಚೆನ್ನಾಗಿ ಕೆಲಸ ಮಾಡಿದ ಲಸಿಕೆಗಳು ಕಡಿಮೆ. 70 ದಾಟಿದವರಲ್ಲೂ ಶೇಕಡಾ 90ರ ಹತ್ತಿರ. ತಮ್ಮದೇ ಕಾಂಡಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಂಡವರಿಗೆ ಕೊಟ್ಟು ನೋಡಿದಾಗ, ಅಷ್ಟು ಬಳಲಿದ ಮೈಯಲ್ಲೂ 68 ಬಂತು. ಎರಡು ಡೋಸು ಬೇಕು. ಸಾಮಾನ್ಯವಾಗಿ ಎರಡರಿಂದ ಆರು ತಿಂಗಳ ಅಂತರ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಒಂದೆರಡು ತಿಂಗಳಲ್ಲೇ ಎರಡನೆಯದು ಕೊಡಬಹುದು. ಬೆಲೆ ಮಾತ್ರ ಜೋರು, ಒಂದು ಡೋಸಿಗೆ ಸುಮಾರು ಹತ್ತು ಸಾವಿರ. ಮಕ್ಕಳು ಅರವತ್ತು ತುಂಬಿದ್ದಕ್ಕೆ ರೇಷ್ಮೆ ಸೀರೆ ತರುತ್ತೇನೆ ಅಂದರೆ, ಸೀರೆ ಬೇಡ ಇದು ಕೊಡಿಸು ಅನ್ನಿ.

ನ್ಯುಮೋನಿಯಾದ ನ್ಯುಮೊಕಾಕಲ್ ಲಸಿಕೆಯ ಬಗ್ಗೆ ಚಿಕ್ಕದಾಗಿ. ಹಾಲೆಂಡಿನಲ್ಲಿ 65 ದಾಟಿದ 84 ಸಾವಿರ ಜನರ ಮೇಲೆ ಪರೀಕ್ಷೆ ಮಾಡಿದ್ದರು. ಲಸಿಕೆಯಲ್ಲಿರುವ ತಳಿಗಳಿಂದ ಬರುವ ನ್ಯುಮೋನಿಯಾ ಶೇಕಡಾ 45ರಷ್ಟು, ರಕ್ತಕ್ಕೆ ಸೇರುವ ಗಂಭೀರ ಸೋಂಕು 75ರಷ್ಟು ಕಡಿಮೆಯಾಯಿತು. ಫ್ಲೂ ಥರ ವರ್ಷ ವರ್ಷ ಬೇಡ. ಕೇಳಿ ಹಾಕಿಸಿ.

ಹಾಕಿಸಬಾರದ್ದೂ ಇದೆ. ಜೀವಂತ ವೈರಸ್ ಇರುವ ಲಸಿಕೆಗಳು ಕಿಮೋ ನಡೆಯುವಾಗ ಬೇಡವೇ ಬೇಡ. ಚಿಕನ್ ಪಾಕ್ಸಿನದು, ಆಫ್ರಿಕಾಕ್ಕೆ ಹೋಗುವವರ ಹಳದಿ ಜ್ವರದ್ದು, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ. ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಎರಡು ವಾರ ತಿಂದವರದ್ದೂ ಇದೇ ಲೆಕ್ಕ. ಚುಚ್ಚುವ ಫ್ಲೂ ಲಸಿಕೆಯಲ್ಲಿ ಸತ್ತ ವೈರಸ್ಸಿನ ಚೂರುಗಳಷ್ಟೇ ಇರುತ್ತವೆ, ಅದರಿಂದ ಫ್ಲೂ ಬರುವುದಿಲ್ಲ.

"ನನಗೆ ಮೂತ್ರಕೋಶದೊಳಗೆ ಬಿಸಿಜಿ ಬಿಟ್ಟಿದ್ದಾರೆ. ಅದೂ ಜೀವಂತ ಲಸಿಕೆ ಅಲ್ವಾ?" ಅಂತ ಒಬ್ಬರು ಕೇಳಿದರು. ಸರಿಯಾಗಿಯೇ ಹಿಡಿದಿರಿ. ಅದು ಮಕ್ಕಳಿಗೆ ಕ್ಷಯದ ವಿರುದ್ಧ ಕೊಡುವ ಅದೇ ಜೀವಂತ ಬ್ಯಾಕ್ಟೀರಿಯ. ಆದರೆ ಅಲ್ಲಿ ಅದು ಲಸಿಕೆಯಾಗಿ ಹೋಗಿಲ್ಲ, ಔಷಧವಾಗಿ ಹೋಗಿದೆ. ಮೂತ್ರಕೋಶದ ಗೋಡೆಯಲ್ಲಿ ಜಗಳ ಎಬ್ಬಿಸಿ, ಆ ಜಗಳದಲ್ಲಿ ಕ್ಯಾನ್ಸರ್ ಕಣಗಳೂ ಪೆಟ್ಟು ತಿನ್ನಲಿ ಅಂತ. 1976ರಲ್ಲಿ ಕೆನಡಾದಿಂದ ಮೊದಲ ವರದಿ ಬಂದದ್ದು. ನೀವು ಫ್ಲೂ ಇಂಜೆಕ್ಷನ್ ಧಾರಾಳವಾಗಿ ಹಾಕಿಸಬಹುದು.

ಈಗ ಯಾವಾಗ? ಮುಂಬಯಿಯ ಫ್ಲೂ ಮಳೆಯ ಜೊತೆ ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್. ಅಮೆರಿಕದಲ್ಲಿರುವ ಮಗಳು "ಅಕ್ಟೋಬರಿನಲ್ಲಿ ಹಾಕಿಸು ಅಪ್ಪ" ಅಂದರೆ ಅದು ಅವಳ ಊರಿನ ಚಳಿಗಾಲದ ಲೆಕ್ಕ. ಲಸಿಕೆ ಹಿಡಿಯಲು ಎರಡು ವಾರ ಬೇಕು. ಹಾಗಾಗಿ ನಮಗೆ ಮೇ ತಿಂಗಳು ಸರಿ. ಬಿಟ್ಟುಹೋದರೆ ಜುಲೈನಲ್ಲಿ ಹಾಕಿಸಿದರೂ ನಷ್ಟವಿಲ್ಲ. ಮೊದಲು ನಾಲ್ಕು ತಳಿ ಇತ್ತು, ಈಗ ಮೂರು ಮಾಡಿ ಮೋಸ ಮಾಡಿದ್ದಾರೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮೋಸ ಏನಿಲ್ಲ. ನಾಲ್ಕನೆಯ ತಳಿ 2020ರ ಮಾರ್ಚ್ ಆದ ಮೇಲೆ ಜಗತ್ತಿನಲ್ಲಿ ಎಲ್ಲೂ ಕಂಡಿಲ್ಲ. ಇಲ್ಲದ ಕಳ್ಳನ ಫೋಟೋ ಯಾಕೆ?

ಮನೆಯವರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಲಸಿಕೆ ಅರೆಬರೆ ಹಿಡಿಯುವ ಮನುಷ್ಯನ ಸುತ್ತ ಇರುವ ಗಟ್ಟಿಮುಟ್ಟಾದವರ ಮೈಯಲ್ಲಿ ಅದು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಮಗ, ಸೊಸೆ, ಮೊಮ್ಮಗು, ಅಡುಗೆಗೆ ಬರುವವರು, ಎಲ್ಲರೂ ಹಾಕಿಸಿ. ಅಜ್ಜಿಗೆ ಫ್ಲೂ ಬರುವುದು ದೇವಸ್ಥಾನದಿಂದಲ್ಲ, ಮೊಮ್ಮಗನ ಸ್ಕೂಲ್ ಬಸ್ಸಿನಿಂದ. ಇನ್ನೊಂದು, ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ಕ್ಯಾನ್ಸರ್ ಅಂತ ಅಮ್ಮನಿಗೇ ಹೇಳಿರುವುದಿಲ್ಲ. "ಗ್ಯಾಸ್ಟ್ರಿಕ್ ಗಡ್ಡೆ" ಅಂತ ಹೇಳಿರುತ್ತಾರೆ. ಅವರೊಬ್ಬರೇ ಲಸಿಕೆಗೆ ಬಂದಾಗ "ಏನಾದರೂ ಕಾಯಿಲೆ ಇದೆಯಾ ಅಜ್ಜಿ" ಅಂತ ಕೇಳಿದರೆ "ಗ್ಯಾಸ್ಟ್ರಿಕ್ ಮಗಾ" ಅನ್ನುತ್ತಾರೆ. ಯಾವ ಲಸಿಕೆ, ಯಾವ ವಾರ, ಯಾವ ಕೈ, ಎಲ್ಲ ತಪ್ಪುತ್ತದೆ. ಮುಚ್ಚಿಡುವುದು ಪ್ರೀತಿಯಿಂದಲೇ, ಗೊತ್ತು. ಆದರೆ ನನಗೆ ಇದು ಒಪ್ಪಿಗೆಯಿಲ್ಲ.

"ಯಾವ ಕೈ ಅಂದ್ರೆ? ಕೈ ಬೇರೆ ನೋಡ್ಬೇಕಾ?" ಕಲ್ಯಾಣದಿಂದ ಬಂದ ಒಬ್ಬ ಅಮ್ಮ ಕೇಳಿದರು. ಹೌದಮ್ಮಾ. ಸ್ತನದ ಆಪರೇಷನ್ ಆಗಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆಯ ಕೈ ಬಿಟ್ಟು ಇನ್ನೊಂದು ಕೈಗೆ. ಅದೂ ಅಲ್ಲದೆ ಲಸಿಕೆ ಹಾಕಿದ ಕಡೆ ಕಂಕುಳಿನ ಗ್ರಂಥಿ ಕೆಲವು ವಾರ ಊದಬಹುದು. ಅದು ಲಸಿಕೆ ಕೆಲಸ ಮಾಡುತ್ತಿರುವುದರ ಗುರುತು. ಆದರೆ ಅದೇ ಹೊತ್ತಿಗೆ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಮಾಡಿಸಿದರೆ ಅಲ್ಲಿ ದೀಪ ಹತ್ತಿದ ಹಾಗೆ ಕಾಣುತ್ತದೆ, ಕ್ಯಾನ್ಸರ್ ಮರಳಿತಾ ಅಂತ ಮನೆಮಂದಿಯೆಲ್ಲ ಗಾಬರಿ. ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ, ಇಂಥ ದಿನ, ಇಂಥ ಕೈಗೆ ಹಾಕಿಸಿದ್ದೇನೆ ಅಂತ. ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ.

"ನನಗೆ ಎರಡೂ ಕಡೆ ಆಪರೇಷನ್ ಆಗಿದೆ," ಅಂದರು ಅವರು.

ಹಾಗಾದರೆ ತೊಡೆಗೆ.

"ತೊಡೆಗಾ? ಈ ವಯಸ್ಸಲ್ಲಿ?"

ಮೊಮ್ಮಗುವಿಗೆ ಅಲ್ಲೇ ಹಾಕಿಸಿದ್ದು ಅಲ್ವಾ ನೀವು? ಅದೇ ಜಾಗ. ಬರುವಾಗ ಸಡಿಲಾದ ಬಟ್ಟೆ ಹಾಕಿಕೊಂಡು ಬನ್ನಿ, ಅಷ್ಟೇ.